ಗುಡ್ಡದ ತಿರುವಿನಲ್ಲಿ ಅತ್ತೆ

ಕಪ್ಪತಗುಡ್ಡದ ರಸ್ತೆಯ ತಿರುವೊಂದರಲ್ಲಿ ಅತ್ತೆಯ ತಲೆ ನನ್ನ ಹೆಗಲಿಗೆ ವಾಲಿತು. “ರೀ, ಗಾಡಿ ನಿಲ್ಲಿಸ್ರಿ!” ಎಂದು ಯಜಮಾನರಿಗೆ ಕೂಗಿದೆ. ಬೆಟಗೇರಿಯಿಂದ ಮುಂಡರಗಿಗೆ ಬಸ್ಸಿನಲ್ಲಿ ಹೋದರೂ ವಾಂತಿ ಮಾಡಿಕೊಳ್ಳುವವರು ಅತ್ತೆ. ಘಟ್ಟದ ಪ್ರವಾಸಕ್ಕೆ ಕರೆದೊಯ್ಯಬಹುದೇ ಎಂದು ಪರೀಕ್ಷಿಸಲು ಮೊದಲು ಈ ಗುಡ್ಡಕ್ಕೆ ಬಂದಿದ್ದೆವು. ಮೂಸಿಸಲೆಂದು ತಂದಿದ್ದ ನಿಂಬೆಹಣ್ಣು ಚೀಲದಲ್ಲಿರಲಿಲ್ಲ. ಗಾಬರಿಯಿಂದ ಅವರ ಕೆನ್ನೆ ತಟ್ಟಿದೆ.

ಅತ್ತೆ ಸಿಟ್ಟಿನಿಂದ ಕಣ್ಣು ಬಿಟ್ಟರು. “ಯಾಕ ಎಬ್ಬಿಸಿದಿ? ತೊಟ್ಟಿಲ ತೂಗಿದಂಗಾಗಿ ಚಲೋ ನಿದ್ದಿ ಹತ್ತಿತ್ತು.”

ಹೋದ ಜೀವ ಬಂದಂತಾಯಿತು. ನಿಂಬೆಹಣ್ಣು ಏನಾಯಿತೆಂದು ಕೇಳಿದೆ.

“ಹೊರಡೂ ಮುಂದ ನಾನ ಗಾಲಿ ಕೆಳಗ ಇಟ್ಟೆ. ಗಾಡಿಗೆ ಏನೂ ಆಗಬಾರದಲ್ಲ?”

ಘಟ್ಟಕ್ಕೆ ಹೊರಟ ದಿನ ನಾಲ್ಕು ನಿಂಬೆಹಣ್ಣು ತಂದು ಅತ್ತೆಯ ಕೈಗೇ ಕೊಟ್ಟೆ. ನಾಲ್ಕೂ ಗಾಲಿಗಳಿಗೆ.