ಎರಡು ನಿಮಿಷದೊಳಗೆ, ಸರ್

“ರೋಗಿ ಕರೆದರೆ ಎಷ್ಟು ಹೊತ್ತಿನಲ್ಲಿ ಹೋಗುತ್ತೀರಿ?”

“ಎರಡು ನಿಮಿಷದೊಳಗೆ, ಸರ್.”

ಈ ಉತ್ತರ ಬರೆದುಕೊಟ್ಟವನು ನಾನು. ಬಾಯಿಪಾಠ ಮಾಡಿಸಿದವನೂ ನಾನೇ.

ನಾಲ್ಕು ತಿಂಗಳ ಹಿಂದೆ ಬಸವಕಲ್ಯಾಣದ ಖಾಸಗಿ ಆಸ್ಪತ್ರೆಯೊಂದರ ಡಾಕ್ಟರು ಫೋನ್ ಮಾಡಿದ್ದರು. ನರ್ಸಿಂಗ್ ಸೇವೆಯ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ತಂಡ ತಪಾಸಣೆಗೆ ಬರುವುದಿತ್ತು. ಸರ್ಟಿಫಿಕೇಟ್ ಸಿಕ್ಕರೆ ಹೆಸರು, ಹೆಸರು ಬಂದರೆ ರೋಗಿಗಳು. “ಡಿಬೇಟಿನ್ಯಾಗ ಎಂಥೆಂಥವ್ರ ಬಾಯಿ ಮುಚ್ಚಸ್ತಿ. ನಮ್ಮ ಸಿಸ್ಟರ್‌ಗಳಿಗೆ ಬಾಯಿ ಬರೂಹಂಗ ಮಾಡಪಾ,” ಎಂದರು. ಹುಮನಾಬಾದಿನಿಂದ ಬಸ್ ಹತ್ತಿದೆ. (ಹೊಗಳಿದರೆ ಹತ್ತದೆ ಇರುತ್ತೇನೆಯೇ?)

ಮೂವತ್ತು ಹಾಸಿಗೆ, ಹಗಲಿಗೆ ಮೂವರು ನರ್ಸ್. ಮೂವರನ್ನೂ ಮೇಲಿನ ಮಹಡಿಯ ಹಾಲ್‌ನಲ್ಲಿ ಕೂರಿಸಿದೆ. ಹಿರಿಯ ಸಿಸ್ಟರ್ ಶಕುಂತಲಾ ನನ್ನ ಉತ್ತರ ಓದಿ ನಕ್ಕರು. “ಎರಡ ನಿಮಿಷದಾಗ ಮೂವತ್ತ ಮಂಚಕ್ಕ? ವಾರ್ಡಿನ್ಯಾಗ ಸೈಕಲ್ ಹೊಡಿಬೇಕೇನ್ರಿ ಸರ?” ಎಲ್ಲರೂ ನಕ್ಕೆವು. ಉತ್ತರ ಮಾತ್ರ ಬದಲಾಗಲಿಲ್ಲ.

ಮೊದಲ ದಿನವೇ ಇನ್ನೊಂದು ಉಪದೇಶವನ್ನೂ ಕೊಟ್ಟಿದ್ದೆ. ಚಾರ್ಟಿನಲ್ಲಿ ಖಾಲಿ ಜಾಗ ಕಾಣಬಾರದು, ತಪಾಸಣೆಯವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಸಿಸ್ಟರ್‌ಗಳು ವಿಧೇಯ ವಿದ್ಯಾರ್ಥಿಗಳು. ಮರುದಿನ ಎರಡು ಗಂಟೆಗೆ ಕ್ಲಾಸ್. ಹಾಗಾಗಿ ಎರಡು ಗಂಟೆಯ ನಾಡಿ, ಬಿ.ಪಿ. ಎಲ್ಲವನ್ನೂ ಒಂದೂವರೆಗೇ ಬರೆದಿಟ್ಟು ಮೇಲೆ ಬಂದರು.

ಕ್ಲಾಸಿನ ನಡುವೆ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಹುಲಸೂರ ಕಡೆಯ ಕೂಲಿ ಕೆಲಸದವರು. ಹೆಂಡತಿಗೆ ಅಂದೇ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೆರಿಗೆಯಾಗಿತ್ತು. ಚಪ್ಪಲಿ ಕೆಳಗೆ ಮೆಟ್ಟಿಲ ಹತ್ತಿರವೇ ಬಿಟ್ಟು ಬಂದಿದ್ದರು.

“ಸಿಸ್ಟರ್‌ಬಾಯಿ, ಜರಾ ಬರ್ತೀರೇನ್ರಿ? ನಮ್ಮಾಕಿ ಒಂದ ನಮೂನಿ ಮಾಡಾಕತ್ತಾಳ್ರಿ.”

ಶಕುಂತಲಾ ಎದ್ದರು.

“ಹತ್ತ ನಿಮಿಷ ತಡೀರಿ ಅಣ್ಣಾ,” ಎಂದೆ ನಾನು. “ಇದೊಂದ ಪ್ರಶ್ನಿ ಮುಗೀಲಿ.”

ಯಾವ ಪ್ರಶ್ನೆ ಗೊತ್ತೆ? ಮೇಲೆ ಬರೆದೆನಲ್ಲ, ಅದೇ.

ಶಕುಂತಲಾ ಮೂಲೆಯಲ್ಲಿ ಕೂತಿದ್ದ ಡಾಕ್ಟರ ಮುಖ ನೋಡಿದರು. ಡಾಕ್ಟರು ಕೂರುವಂತೆ ಕೈಸನ್ನೆ ಮಾಡಿದರು. ಕೂತರು. ಆ ಗಂಡ ಬಾಗಿಲ ಹೊರಗೆ ಕೈಕಟ್ಟಿಕೊಂಡು ಹತ್ತು ನಿಮಿಷವೂ ನಿಂತರು.

ಕೆಳಗೆ ಹೋದಾಗ ಹಾಸಿಗೆ ರಕ್ತದಲ್ಲಿ ತೊಯ್ದಿತ್ತು. ಆಕೆಯ ಕೈ ತಣ್ಣಗಾಗಿತ್ತು. ಡಾಕ್ಟರು ಗಡಿಬಿಡಿಯಲ್ಲಿ ಇಂಜೆಕ್ಷನ್ ಕೊಟ್ಟರು, ಸಲೈನ್ ಹಚ್ಚಿದರು, ಜೀಪಿನಲ್ಲಿ ಗುಲಬರ್ಗಾಕ್ಕೆ ಕಳಿಸಿದರು. ಜೀಪು ಹುಮನಾಬಾದ್ ಮುಟ್ಟುವ ಮೊದಲೇ ಆಕೆ ಹೋಗಿಬಿಟ್ಟಳು.

ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲಿ ಮಾತ್ರ ಎರಡು ಗಂಟೆಗೆ ಆಕೆಯ ಬಿ.ಪಿ. ಸರಿಯಾಗಿತ್ತು. ಅಚ್ಚುಕಟ್ಟಾದ ಅಕ್ಷರ.

ಈ ಮಾನ್ಯತೆ ಅನ್ನುವುದೇ ಒಂದು ನಾಟಕ ಎಂದು ವಾದಿಸುವುದು ನನಗೆ ಸುಲಭ. ಡಿಬೇಟಿನಲ್ಲಿ ಕಪ್ ಕೂಡ ಗೆಲ್ಲಬಹುದು. ಆದರೆ ಮರುದಿನ ಮಾನ್ಯತೆಯ ಮಾನದಂಡಗಳ ಫೈಲನ್ನು ಮೊದಲ ಸಲ ಪೂರ್ತಿ ಓದಿದೆ. (ಹೌದು, ಓದದೆಯೇ ಕಲಿಸಿದ್ದೆ.) ಬಾಣಂತಿಯನ್ನು ಮೊದಲ ಕೆಲವು ಗಂಟೆ ಮತ್ತೆ ಮತ್ತೆ ನೋಡುತ್ತಿರಬೇಕು. ವಾರ್ಡಿನಲ್ಲಿ ನರ್ಸ್ ಇಲ್ಲದ ಗಳಿಗೆ ಇರಬಾರದು. ನೋಡಿದ ಮೇಲೆಯೇ ಬರೆಯಬೇಕು. ರೋಗಿಯ ಕಡೆಯವರು ಕರೆದರೆ ನರ್ಸ್ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಇದರಲ್ಲಿ ನಾಟಕ ಯಾವುದು? ಇಷ್ಟು ನಡೆದಿದ್ದರೆ ಆ ಕೂಸಿಗೆ ತಾಯಿ ಉಳಿಯುತ್ತಿದ್ದಳೇನೋ. ಮಾನ್ಯತೆಯಿಂದ ಏನು ಲಾಭ ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಲಾಭ ಬೇಕೆ? ಲಾಭವನ್ನು ಹೊರಗೆ ನಿಲ್ಲಿಸಿ ನಾವು ಸರ್ಟಿಫಿಕೇಟಿಗೆ ತಾಲೀಮು ಮಾಡಿದೆವು.

ಅದೂ ಸಿಕ್ಕಿತು. ತಪಾಸಣೆಯವರು ಆ ಪ್ರಶ್ನೆಯನ್ನು ಕೇಳಿಯೇ ಕೇಳಿದರಂತೆ. ಶಕುಂತಲಾ ಒಂದಕ್ಷರ ತಪ್ಪದೆ ಹೇಳಿ, ಹೊರಗೆ ಬಂದು ಅತ್ತರಂತೆ. ಈಗ ಸರ್ಟಿಫಿಕೇಟನ್ನು ಆ ಮೆಟ್ಟಿಲ ಹತ್ತಿರವೇ ಚೌಕಟ್ಟು ಹಾಕಿ ತೂಗುಹಾಕಿದ್ದಾರೆ.

ಕಳೆದ ವಾರ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಆ ಗಂಡ ಕಂಡರು. ಹೆಗಲ ಮೇಲೆ ಕೂಸು ಮಲಗಿತ್ತು. ನಾನು ಪೇಪರ್ ಮುಖಕ್ಕೆ ಹಿಡಿದೆ. ಅವರೇ ಹತ್ತಿರ ಬಂದು ನಮಸ್ಕಾರ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮೆಲ್ಲಗೆ, ತಪ್ಪು ತಮ್ಮದೇ ಎಂಬಂತೆ ಕೇಳಿದರು:

“ಸರ, ನೀವು ತಡೀರಿ ಅಂದ್ರಿ, ನಾ ನಿಂತೆ. ಅವತ್ತ ನಾ ಒದರಬೇಕಿತ್ತೇನ್ರಿ?”