ಒಂದು ಪಾವು ಜಾಸ್ತಿ

ನನ್ನ ಗಂಡನ ಸಕ್ಕರೆ ಕಾಯಿಲೆ ಬರೀ ಮಾತ್ರೆಗೆ ಬಗ್ಗುತ್ತಿಲ್ಲ ಎಂದು ಗೊತ್ತಾದ ದಿನದಿಂದ ನಮ್ಮ ಮನೆಯಲ್ಲಿ ಊಟ ಅನ್ನುವುದು ನಿಂತುಹೋಗಿ ಡಯಟ್ ಶುರುವಾಯಿತು. ಊಟಕ್ಕೆ ಬಡಿಸುವವರೊಬ್ಬರು, ಉಣ್ಣುವವರೊಬ್ಬರು ಇದ್ದರೆ ಸಾಕು. ಡಯಟ್‌ಗೆ ಫೋನು ಬೇಕು, ತೂಕದ ಮೆಷಿನ್ನು ಬೇಕು, ದಿನಕ್ಕೊಂದು ಭಾಷಣ ಬೇಕು, ಆ ಭಾಷಣ ಕೇಳುವುದಕ್ಕೆ ಹೆಂಡತಿ ಬೇಕು. ಪುಣ್ಯಕ್ಕೆ ಅವರ ಹತ್ತಿರ ಎಲ್ಲವೂ ಇತ್ತು.

ಅವರು ಪಾಲಿಬೆಟ್ಟದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ದಿನಾ ಬೆಳಿಗ್ಗೆ ಲೈನುಮನೆಗಳ ಮುಂದೆ ನಿಂತು ಆಳುಗಳ ಹೆಸರು ಕೂಗಿ, ನೀನು ಪಿಕ್ಕಿಂಗಿಗೆ, ನೀನು ಕಳೆಗೆ ಎಂದು ಕೆಲಸ ಹಂಚುವುದು ಅವರ ನೌಕರಿ. ನಿವೃತ್ತಿಯಾಗಿ ನೆಲ್ಯಹುದಿಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಕೂತ ಮೇಲೆ ಹೆಸರು ಕೂಗಲು ಉಳಿದ ಆಳು ನಾನೊಬ್ಬಳೇ. ಅದೂ ಹೆಸರಲ್ಲ, "ಏ ಇವಳೇ" ಅಂತ.

ಏಪ್ರಿಲ್ ಕೊನೆಯಲ್ಲಿ ಕುಶಾಲನಗರದ ಡಾಕ್ಟರು ರಿಪೋರ್ಟ್ ನೋಡಿ, "ಇನ್ನು ಇನ್ಸುಲಿನ್ ಶುರು ಮಾಡೋಣ" ಎಂದಾಗ ಈ ಮನುಷ್ಯ ಕುರ್ಚಿಯ ಕೈ ಹಿಡಿದುಕೊಂಡರು.

"ಮೂರು ತಿಂಗಳು ಟೈಮ್ ಕೊಡಿ ಡಾಕ್ಟ್ರೇ. ಊಟದಲ್ಲೇ ಇಳಿಸ್ತೀನಿ."

"ಮಾತ್ರೆ ಬಿಡಬೇಡಿ. ಮೂರು ತಿಂಗಳು ನೋಡ್ತೀನಿ. ಇಳಿದಿಲ್ಲ ಅಂದ್ರೆ ಸೂಜಿನೇ."

ಸೂಜಿಗೆ ಹೆದರುವ ಗಂಡಸು ಎಂದು ನಾನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು. ಆದರೆ ಅವರ ಹೆದರಿಕೆ ಸೂಜಿಯದಾಗಿರಲಿಲ್ಲ. ನಮ್ಮ ಮಾವನಿಗೂ ಇದೇ ಸಕ್ಕರೆ ಇತ್ತು. ಮೊದಲು ಹೆಬ್ಬೆರಳು ಕಪ್ಪಾಯಿತು, ಆಮೇಲೆ ಪಾದವೇ ಹೋಯಿತು. ಒಂದು ವರ್ಷ ಆ ಗಾಯ ತೊಳೆದವಳು ನಾನು. ಡಾಕ್ಟರ ಕೋಣೆಯಿಂದ ಹೊರಗೆ ಬರುವಾಗ ನನ್ನ ಕಣ್ಣು ಗಂಡನ ಚಪ್ಪಲಿಯ ಮೇಲೇ ಇತ್ತು. ನನಗೂ ಹೆದರಿಕೆಯಾಗಿತ್ತು. ಹಾಗಾಗಿ ಮುಂದೆ ಅವರು ಆಡಿದ ಆಟಕ್ಕೆಲ್ಲ ಕುಣಿದೆ.

ಮೊದಲ ವಾರ ಬಸ್ಸು ಹತ್ತಿ ಗೋಣಿಕೊಪ್ಪಲಿಗೆ ಹೋಗಿ ಓಟ್ಸು, ಚಿಯಾ ಬೀಜ, ಎಲ್ಲಿಯದೋ ಒಂದು ವಿದೇಶಿ ಧಾನ್ಯ ಹೊತ್ತು ತಂದರು. ಚಿಯಾ ಬೀಜವನ್ನು ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಅದು ಕಪ್ಪೆಯ ಮೊಟ್ಟೆಯ ಹಾಗೆ ಕಾಣುತ್ತಿತ್ತು. ಕಣ್ಣು ಮುಚ್ಚಿ ನುಂಗಿ, "ಒಳಗೆ ಏನೋ ಕ್ಲೀನ್ ಆದ ಹಾಗಾಯ್ತು" ಎನ್ನುತ್ತಿದ್ದರು. ಓಟ್ಸನ್ನು ಎರಡು ಚಮಚ ತಿಂದು ತಟ್ಟೆ ಪಕ್ಕಕ್ಕೆ ತಳ್ಳುತ್ತಿದ್ದರು. ತಳ್ಳಿದ್ದು ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೆಯ ವಾರ ರಾಗಿ ಮಾಲ್ಟಿನ ಡಬ್ಬಿ ಬಂತು. ಡಬ್ಬಿಯ ಮೇಲೆ ಬರೆದದ್ದನ್ನು ಕನ್ನಡಕ ಏರಿಸಿಕೊಂಡು ನನಗೇ ಓದಿ ಹೇಳಿದರು, ರಾಗಿಯಲ್ಲಿ ಏನೇನಿದೆ ಅಂತ. ನನ್ನ ತವರಿನವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡವರು. ನಾನು ಮುದ್ದೆ ತಿಂದು ಬೆಳೆದವಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಆಸೆಯಾಗಿ ಮುದ್ದೆ ತಿರುವಿದ್ದಕ್ಕೆ ಇದೇ ಮನುಷ್ಯ ಮೂಗು ಮುರಿದು, "ನಮ್ಮ ಮನೇಲಿ ಇದನ್ನ ಹಸುಗೆ ಹಾಕ್ತಾರೆ" ಎಂದಿದ್ದರು. ಆ ಹಸು ಸತ್ತು ಎಷ್ಟೋ ವರ್ಷವಾಯಿತು, ಪಾಪ, ಅದಕ್ಕೆ ಸಕ್ಕರೆ ಕಾಯಿಲೆ ಇರಲಿಲ್ಲ. ಡಬ್ಬಿಯನ್ನು ಅಟ್ಟಕ್ಕೆ ಎಸೆದು ಅವತ್ತೇ ಮುದ್ದೆ ಮಾಡಿ ಮುಂದಿಟ್ಟೆ. ಬಾಯಿ ಮುಚ್ಚಿಕೊಂಡು ನುಂಗಿದರು.

ಮಳೆ ಹಿಡಿದ ಮೇಲೆ ಹೊಸ ಜ್ಞಾನೋದಯವಾಯಿತು. ಫೋನಿನಲ್ಲಿ ಯಾರೋ ಗಡ್ಡದವನು ಹೇಳಿದನಂತೆ, ಆಯಾ ಕಾಲದಲ್ಲಿ ನಮ್ಮ ಸುತ್ತ ಬೆಳೆಯುವುದನ್ನೇ ತಿನ್ನಬೇಕು ಅಂತ. ಹಿತ್ತಲ ಬಾಗಿಲಲ್ಲಿ, ಕೆಸುವಿನ ಎಲೆಗಳನ್ನು ತುಳಿದುಕೊಂಡು ನಿಂತು ಅವರು ನನಗೆ ಇದನ್ನು ಬಿಡಿಸಿ ಹೇಳಿದರು.

"ಅಲ್ಲ ರೀ, ನಾನು ಇಷ್ಟು ವರ್ಷ ಏನು ಮಾಡಿ ಹಾಕ್ತಿದ್ದೆ? ಮೇ ತಿಂಗಳಲ್ಲಿ ಕಾಡುಮಾವಿನ ಹಣ್ಣಿನ ಸಾರು, ಮಳೆಗಾಲಕ್ಕೆ ಕಣಿಲೆ, ಅಣಬೆ, ಕೆಸು."

"ಅದು ಸುಮ್ನೆ ಅಡುಗೆ ಕಣೇ. ಇದು ಸೈನ್ಸು."

ಸೈನ್ಸಿಗೆ ನಾನು ಸೋತೆ. ಎಳೆ ಬಿದಿರಿನ ಕಣಿಲೆಯನ್ನು ಹೆಚ್ಚಿ, ಮೂರು ದಿನ ನೀರು ಬದಲಾಯಿಸಿ, ವಿಷ ಬಿಡಿಸಿ, ಪಲ್ಯ ಮಾಡಿ ಇಟ್ಟರೆ, "ಫೈಬರ್ ಚೆನ್ನಾಗಿದೆ" ಎಂದರು. ಕಣಿಲೆ ಚೆನ್ನಾಗಿದೆ ಎಂದು ಹೇಳುವುದಕ್ಕೆ ಆ ಬಾಯಿಗೆ ಏನಾಗಿತ್ತೋ ದೇವರೇ ಬಲ್ಲ.

ಅಡುಗೆಮನೆಗೆ ಕಾಲಿಡದವರು ಹೀಗೆ ಜ್ಞಾನಿಗಳಾದರೆ ಆಗುವುದು ಆಯಿತು. ನಾನು ಒಂದು ದಿನ ಸಂಘದ ಮೀಟಿಂಗಿಗೆ ಹೋಗಿದ್ದಾಗ, ಹಸಿ ಸೊಪ್ಪಿನ ಜ್ಯೂಸು ಬಹಳ ಒಳ್ಳೆಯದೆಂದು ಹಿತ್ತಲಿನ ಎಳೆ ಕೆಸುವಿನ ಎಲೆ ಕಿತ್ತು ಮಿಕ್ಸಿಗೆ ಹಾಕಿ ರುಬ್ಬಿ ಒಂದು ಲೋಟ ಕುಡಿದಿದ್ದಾರೆ. ಕೆಸುವನ್ನು ಚೆನ್ನಾಗಿ ಬೇಯಿಸಿ ಹುಳಿ ಹಿಂಡದಿದ್ದರೆ ಗಂಟಲು ಕೆರೆಯುತ್ತದೆ. ಹಿಂಡಿದ ಹುಳಿಯನ್ನು ತಿಂದು ಗೊತ್ತೇ ಹೊರತು ಅವರು ಹಿಂಡಿದವರಲ್ಲ. ನಾನು ಬರುವಾಗ ಜಗಲಿಯಲ್ಲಿ ಕೂತು ಕಣ್ಣಲ್ಲಿ ನೀರು ಸುರಿಸುತ್ತಾ ನಾಲಗೆಯನ್ನು ಟವೆಲಿನಲ್ಲಿ ಉಜ್ಜಿಕೊಳ್ಳುತ್ತಿದ್ದರು. ಹುಣಸೆಹಣ್ಣು ಬಾಯಿಗೆ ತುರುಕಿದೆ. ಎರಡು ದಿನ ಮಾತು ಹೊರಡಲಿಲ್ಲ. ಇಡೀ ಡಯಟ್ಟಿನಲ್ಲಿ ನನಗೆ ಹಿತವಾದದ್ದು ಆ ಎರಡು ದಿನ.

ಇನ್ನು ನನ್ನ ವಿಷಯ. ನಾನು ಈ ಮನೆಗೆ ಬಂದಾಗ ಅತ್ತೆ ಮೊದಲು ಕಲಿಸಿದ್ದು ಅಕ್ಕಿ ಅಳೆಯುವುದನ್ನು. ಮನೆಮಂದಿಗೆ ಎಷ್ಟು ಬೇಕೋ ಅಷ್ಟು, ಅದರ ಮೇಲೆ ಒಂದು ಪಾವು ಜಾಸ್ತಿ. ಯಾರಾದರೂ ಬಂದರೆ ಬರಿ ಪಾತ್ರೆ ತೋರಿಸಬಾರದು ಅಂತ. ಆಗೆಲ್ಲ ಯಾರಾದರೂ ಬರುತ್ತಲೇ ಇದ್ದರು. ಈಗ ಬರುವವರು ಫೋನು ಮಾಡಿ ಬರುತ್ತಾರೆ, ಬಂದವರಿಗೂ ಡಯಟ್ಟು. ಆದರೆ ನನ್ನ ಕೈ ಆ ಒಂದು ಪಾವನ್ನು ಬಿಡಲಿಲ್ಲ. ಅತ್ತೆಯ ಎರಡನೆಯ ಪಾಠ, ಅನ್ನ ಚೆಲ್ಲಬಾರದು. ಹಾಗಾದರೆ ಆ ಪಾವು ಎಲ್ಲಿಗೆ ಹೋಗಬೇಕು? ಕೊನೆಗೆ ಕೂತವಳ ಹೊಟ್ಟೆಗೆ.

ಆ ಮೂರು ತಿಂಗಳಲ್ಲಿ ಇದು ಇನ್ನೂ ಹೆಚ್ಚಾಯಿತು. ಅವರು ಬಿಟ್ಟ ಅನ್ನ, ಅರ್ಧ ತಿಂದು ತಳ್ಳಿದ ಓಟ್ಸು, ಇನ್ನು ಬೇಡ ಎಂದ ಅಕ್ಕಿ ರೊಟ್ಟಿ, ಅವರ ಕಣ್ಣಿಗೆ ಬೀಳಬಾರದೆಂದು ನಾನು ಬೇಗ ಬೇಗ ಖಾಲಿ ಮಾಡಿದ ಹಲಸಿನ ಹಣ್ಣು, ನೆಂಟರು ತಂದ ಮೈಸೂರು ಪಾಕು. ಅವರ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ನಾನು ರವಿಕೆಯ ಹೊಲಿಗೆ ಬಿಚ್ಚಿಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುತ್ತಿತ್ತು, ಬಾಯಿ ಒಣಗುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆ. ಅವರ ಪಾದವನ್ನು ಮಾತ್ರ ದಿನಾ ನೋಡುತ್ತಿದ್ದೆ.

ಹೀಗೆ ಆಗಸ್ಟ್ ಬಂತು. ಟೆಸ್ಟಿಗೆ ಹೋಗುವ ಹಿಂದಿನ ದಿನವೇ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೆಯ ದಿನ, ಆಟಿ ಸೊಪ್ಪಿನ ಪಾಯಸ ಮಾಡುವ ದಿನ. ಕೊಡವರು ಕಕ್ಕಡ ಅನ್ನುತ್ತಾರೆ, ನಾವು ಆಟಿ ಅನ್ನುತ್ತೇವೆ, ಸೊಪ್ಪು ಒಂದೇ. ಅವತ್ತು ಆ ಸೊಪ್ಪಿನ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆಂದು ನಂಬಿಕೆ. ಸೊಪ್ಪು ಬೇಯಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗಿ ಮನೆಯೆಲ್ಲ ಘಮ್ಮೆನ್ನುತ್ತದೆ. ಆ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿದೆ. ಅಳತೆ ಗೊತ್ತಲ್ಲ, ಒಂದು ಪಾವು ಜಾಸ್ತಿಯೇ.

"ನಾನು ಮುಟ್ಟಲ್ಲ. ನಾಳೆ ಟೆಸ್ಟ್ ಇದೆ" ಎಂದು ಅವರು ಕೈ ಅಡ್ಡ ಹಿಡಿದರು. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಹೆಮ್ಮೆಯೆನಿಸಿತು. ಪಕ್ಕದ ಮನೆಗೆ ಒಂದು ಪಾತ್ರೆ ಕೊಟ್ಟು ಬಂದೆ. ಬಂದು ನೋಡಿದರೆ ಪಾಯಸ ಸ್ವಲ್ಪ ಇಳಿದ ಹಾಗೆ ಕಂಡಿತು. ನನ್ನ ಕಣ್ಣಳತೆಯೇ ತಪ್ಪಿರಬೇಕೆಂದು ಉಳಿದದ್ದನ್ನು ಸಂಜೆ ಎರಡು ಬಟ್ಟಲು, ಬೆಳಿಗ್ಗೆ ಒಂದು ಬಟ್ಟಲು ಮುಗಿಸಿ, ಪಾತ್ರೆ ತೊಳೆದಿಟ್ಟು ಬಸ್ಸು ಹತ್ತಿದೆ.

ಲ್ಯಾಬಿನಲ್ಲಿ ಗಂಡ ಹೆಂಡತಿ ಒಟ್ಟಿಗೆ ಮಾಡಿಸಿದರೆ ಒಬ್ಬರದು ಪುಕ್ಕಟೆ ಎಂದು ಬೋರ್ಡು ಹಾಕಿದ್ದರು. "ಸುಮ್ನೆ ಸಿಗೋದನ್ನ ಯಾಕೆ ಬಿಡೋದು, ನೀನೂ ಕೊಡು" ಎಂದರು ಇವರು. ಪುಕ್ಕಟೆಯಲ್ಲಿ ನನ್ನ ರಕ್ತವೂ ಹೋಯಿತು, ಮೂತ್ರದ ಬಾಟಲಿಯೂ ಹೋಯಿತು.

ಲ್ಯಾಬಿನ ಮೇಡಂ ವಿಜಯಪುರದ ಕಡೆಯವರು, ಕೊಡಗಿಗೆ ಬಂದು ತಿಂಗಳೂ ಆಗಿರಲಿಲ್ಲ. ಎರಡು ಬಾಟಲಿ ಕೈಯಲ್ಲಿ ಹಿಡಿದು ಓಡಿ ಬಂದರು. ಎರಡೂ ಕೆಂಪು.

"ಅಮ್ಮಾರ, ನಿಮ್ಮಿಬ್ಬರಿಗೂ ರಕ್ತ ಹೊಂಟೈತಲ್ರಿ. ಯಾವಾಗಿಂದ ಹಿಂಗ?"

ಆಟಿ ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗುವುದು ಕೊಡಗಿನಲ್ಲಿ ಎಳೆ ಮಕ್ಕಳಿಗೂ ಗೊತ್ತು. ಮದ್ದು ಮೈಗೆ ಹತ್ತಿದೆ ಎಂದು ಖುಷಿಪಡುವ ಜನ ನಾವು. ನನಗೆ ನಗು ಬಂತು. ಆದರೆ ಎರಡನೆಯ ಬಾಟಲಿ ಯಾಕೆ ಕೆಂಪು? ಮುಟ್ಟಲ್ಲ ಎಂದವರದು ನನ್ನದಕ್ಕಿಂತ ಒಂದು ಬಣ್ಣ ಹೆಚ್ಚೇ ಇತ್ತು. ತಿರುಗಿ ನೋಡಿದರೆ ಇವರು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರವನ್ನು ಬಹಳ ಭಕ್ತಿಯಿಂದ ನೋಡುತ್ತಿದ್ದರು. ಮೇಡಂ, "ನೋವೈತೇನ್ರಿ ಯಜಮಾನ್ರ?" ಎಂದು ಕೇಳಿದರೆ, "ಸ್ವಲ್ಪ" ಎಂದರು. ಪಾಯಸ ಕದ್ದು ತಿಂದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಮೂತ್ರಪಿಂಡ ಕಳೆದುಕೊಳ್ಳುವುದೇ ವಾಸಿ ಎನಿಸಿರಬೇಕು.

"ಎಷ್ಟು ಬಟ್ಟಲು?" ಎಂದೆ.

"ಒಂದೇ. ಸಣ್ಣದು."

ಡಾಕ್ಟರು ವಿಷಯ ಕೇಳಿ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಆಟಿ ಹದಿನೆಂಟರ ಮರುದಿನ ಮೂತ್ರ ಪರೀಕ್ಷೆಗೆ ಬಂದವರು ಇಡೀ ಕೊಡಗಲ್ಲಿ ನೀವಿಬ್ಬರೇ" ಎಂದರು. ಆಮೇಲೆ ರಕ್ತದ ರಿಪೋರ್ಟ್ ತೆಗೆದುಕೊಂಡರು.

"ಯಜಮಾನ್ರೇ, ಇಳಿದಿದೆ. ಚೆನ್ನಾಗೇ ಇಳಿದಿದೆ. ಸೂಜಿ ಬೇಡ."

ಇವರು ಕುರ್ಚಿಯಲ್ಲಿ ಒಂದು ಗೇಣು ಮೇಲೆದ್ದ ಹಾಗೆ ಕಂಡರು. ನನಗೆ ಅಳು ಬಂತು, ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅವರ ಕಾಲು ಉಳಿಯಿತು ಎನ್ನುವುದಷ್ಟೇ ತಲೆಯಲ್ಲಿದ್ದದ್ದು. ಅಷ್ಟರಲ್ಲಿ ಡಾಕ್ಟರು ಇನ್ನೊಂದು ಹಾಳೆ ಬಿಡಿಸಿ ಎರಡು ಸಲ ಓದಿದರು.

"ಅಮ್ಮ, ನೀವು ಟೆಸ್ಟ್ ಮಾಡಿಸಿ ಎಷ್ಟು ವರ್ಷ ಆಯ್ತು?"

"ನಂಗ್ಯಾಕೆ ಟೆಸ್ಟು?"

"ಏಪ್ರಿಲಲ್ಲಿ ಇವರಿಗೆ ಎಷ್ಟಿತ್ತೋ ನಿಮಗೆ ಅದಕ್ಕಿಂತ ಜಾಸ್ತಿ ಇದೆ."

ಇವರು ತಕ್ಷಣ, "ಅದು ನಿನ್ನೆ ಪಾಯಸ ತಿಂದಿದ್ಲಲ್ಲ ಡಾಕ್ಟ್ರೇ" ಎಂದರು.

"ನಿನ್ನೆಯದಲ್ಲ. ಇದು ಮೂರು ತಿಂಗಳ ಸರಾಸರಿ ಹೇಳೋ ಟೆಸ್ಟು. ಕಾಯಿಲೆ ಅದಕ್ಕಿಂತ ಹಳೇದು ಅನ್ಸುತ್ತೆ. ಏನಮ್ಮ ಊಟ ಮಾಡ್ತೀರಿ ದಿನಾ?"

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು, "ಇವಳು ಜಾಸ್ತಿ ಏನೂ ತಿನ್ನಲ್ಲ. ಎಲ್ಲರದೂ ಆದ ಮೇಲೆ ಕೂತು ಸ್ವಲ್ಪ ತಿಂತಾಳೆ."

ಎಷ್ಟು ಆತ್ಮವಿಶ್ವಾಸ. ಇಷ್ಟು ವರ್ಷದಲ್ಲಿ ನಾನು ತಟ್ಟೆ ಹಾಕಿಕೊಂಡು ಕೂತದ್ದನ್ನು ಈ ಮನುಷ್ಯ ಪೂರ್ತಿ ನೋಡಿದ್ದೇ ಇಲ್ಲ. ಆ ಹೊತ್ತಿಗೆ ಅವರು ಕೈ ತೊಳೆದು ಜಗಲಿಗೆ ಹೋಗಿರುತ್ತಿದ್ದರು. ಡಾಕ್ಟರಿಗೆ ನಾನೇ ಹೇಳಿದೆ, "ಉಳಿದಿದ್ದು ತಿಂತೀನಿ." ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಆಮೇಲೆ ಮಾತ್ರೆ ಬರೆದು, ಚಪ್ಪಲಿ ಬಿಚ್ಚಿಸಿ ನನ್ನ ಪಾದ ನೋಡಿದರು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆಯ ಸೀಟು ನನಗೆ ಬಿಟ್ಟುಕೊಟ್ಟರು. ಅಷ್ಟೇ ಸಾಕಿತ್ತು, ಎಷ್ಟು ಹೆದರಿದ್ದಾರೆಂದು ನನಗೆ ಗೊತ್ತಾಯಿತು. ಮನೆಗೆ ಬಂದು ನಾನು ಒಲೆ ಹಚ್ಚಿ ಅಕ್ಕಿ ಡಬ್ಬದ ಮುಚ್ಚಳ ತೆಗೆದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಯೋಚಿಸಿ ಯೋಚಿಸಿ ತಂದ ಪ್ರಶ್ನೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಹಾಗಾದ್ರೆ ಇನ್ನು ಮೇಲೆ ಉಳಿದಿದ್ದನ್ನ ಯಾರು ತಿನ್ನೋದು?"

ಕುಚೋದ್ಯಕ್ಕಲ್ಲ, ನಿಜವಾಗಿಯೂ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಅವರ ಮೇಲೆ, ಸತ್ತುಹೋದ ಅತ್ತೆಯ ಮೇಲೆ, ಡಬ್ಬದ ಮೇಲೆ ಸಿಟ್ಟು ಬಂತು. ಪಾವನ್ನು ಅವರ ಕೈಗೆ ಕೊಟ್ಟು, "ಉಳಿಯದ ಹಾಗೆ ಅಳೀರಿ" ಎಂದೆ.

ಒಂದು ಎಸ್ಟೇಟಿನ ಆಳುಗಳಿಗೆಲ್ಲ ಕೆಲಸ ಹಂಚಿದ ರೈಟರು ಡಬ್ಬದ ಮುಂದೆ ಪಾವು ಹಿಡಿದು ನಿಂತರು. ತಮ್ಮ ಪಾಲಿನ ಅರ್ಧ ಪಾವು ಪಾತ್ರೆಗೆ ಹಾಕಿದರು. ಎರಡನೆಯ ಸಲ ಪಾವನ್ನು ಅಕ್ಕಿಯಲ್ಲಿ ಅದ್ದಿ ತೆಗೆದವರು ಕೈ ತಡೆದರು.

"ನೀನು ಎಷ್ಟು ತಿಂತೀಯಾ?"

ಹೇಳುವುದಕ್ಕೆಂದು ಬಾಯಿ ತೆರೆದೆ. ನನಗೂ ಗೊತ್ತಿರಲಿಲ್ಲ.