ಜಟ್ಟೆಪ್ಪ ಮಾಸ್ತರ ಎಲಬು, ಚೇರಮನ್ನರ ಬಣ್ಣ

ಬೆನ್ನೆಲಬು ಇದ್ದ ಪ್ರಾಣಿಗಳ ಒಳಗಿನ ಕಟ್ಟಡಾ ಒಂದಕ್ಕೊಂದು ಹೋಲಿಸಿ ನೋಡೋ ವಿದ್ಯಾದಾಗ ನಮ್ಮ ಬೈಲಹೊಂಗಲ ಸೀಮಿಗೆ ಮೊದಲನೇ ಗುರುಗಳು ಯಾರಂದ್ರ ದೊಡವಾಡದ ಪೂಜ್ಯ ಜಟ್ಟೆಪ್ಪ ಮಾಸ್ತರು. ಈ ವರ್ಷ, ಅಂದ್ರ ೧೯೭೯ರಾಗ, ಅವರು ಕಾಲೇಜಿನ ಪ್ರಾಣಿಶಾಸ್ತ್ರದ ಮಾಸ್ತರಕಿಯಿಂದ ನಿವೃತ್ತರಾಗಾಕ ಹತ್ಯಾರ. ಅಭಿನಂದನ ಸಮಿತಿ ಅಧ್ಯಕ್ಷರು ನಮ್ಮ ಕಾಲೇಜಿನ ಚೇರಮನ್ನರಾದ ಬಸವಣ್ಣೆಪ್ಪನವರು. ಈ ಅಭಿನಂದನ ಗ್ರಂಥದ ಮುನ್ನುಡ್ಯಾಗ ಚೇರಮನ್ನರನ್ನ 'ಸಂಸ್ಥೆಯ ಬೆನ್ನೆಲಬು' ಅಂತ ಬರದಾರ. ಮಾಸ್ತರ ಕೈಯಾಗ ಕಲತ ನನಗ ಈ ವರ್ಗೀಕರಣ ಒಪ್ಪಾಕ ಸ್ವಲ್ಪ ತ್ರಾಸ ಆಗತೈತಿ.

ಮಾಸ್ತರು ನಮಗ ಮೊದಲ ಪಾಠಾ ಹೇಳಿದ್ದು ದನದ ಸಂತ್ಯಾಗ. ಒಂದ ಎತ್ತಿನ ಮುಂಗಾಲಿನ ನಡುವಿನ ಗಂಟ ಹಿಡದು, "ಇದೇನೋ?" ಅಂದ್ರು.

"ಮಣಕಾಲ್ರಿ."

"ನಿನ್ನ ಮುಂಗೈ ಗಂಟ ಮುಟ್ಟಿ ನೋಡ್ಕೋ. ಅದ ಇದು. ಎತ್ತ ನಡಿಯೂದು ಎರಡ ಬೆರಳಿನ ತುದಿ ಮ್ಯಾಲ."

ಎತ್ತಿನ ದಲಾಲಿ ಕಾಡಪ್ಪಗ ತಡಕೊಳ್ಳಾಕ ಆಗಲಿಲ್ಲ. "ಮಾಸ್ತರ, ಎತ್ತ ತಗೊಳ್ಳಾವ್ರು ಹಲ್ಲ ನೋಡ್ತಾರ್ರಿ, ಕೈ ಕುಲಕೂದಿಲ್ಲ!"

ನಮ್ಮ ತೋಳು, ಬಾವಲಿ ರೆಕ್ಕಿ, ಎತ್ತಿನ ಮುಂಗಾಲು ಎಲ್ಲಾ ಒಂದ ಹಳೇ ಮನಿತನದಾವು, ಹಿಡದ ಕಸಬ ಅಷ್ಟ ಬ್ಯಾರೆ ಅಂತ ಅವತ್ತ ನನಗ ತಿಳೀತು. ಆದ್ರೂ ಪರೀಕ್ಷಾದಾಗ ಡುಮುಕಿ ಹೊಡದೆ. ಮಾಸ್ತರು ಬೈಯಲಿಲ್ಲ. ರಜಾ ತುಂಬ ಮನಿಗೆ ಕರದು, ಕಣ್ಣ ಮುಚ್ಚಿಸಿ, ಕೈಯಾಗ ಒಂದೊಂದ ಎಲಬ ಇಟ್ಟು ಗುರತ ಹಿಡಿಸಿದ್ರು. ಅವರ ಮನಿಯವರು ಪದ್ಮವ್ವನವರು ಚಾ ತಂದಿಟ್ಟು, "ನಮ್ಮ ಮನ್ಯಾಗ ಸತ್ತಾವ್ರಿಗೆ ಉಪಚಾರ ಜಾಸ್ತಿ ತಮ್ಮಾ, ನಾವೂ ಸತ್ತ ಮ್ಯಾಲ ನೋಡತಾರೇನೋ" ಅಂತಿದ್ರು. ಖರೇನ. ನವಿಲುತೀರ್ಥದ ಮೀನು, ಉಗರಗೋಳದ ಗುಡ್ಡದ ಉಡ, ಯಾರದೋ ಸತ್ತ ಎತ್ತು, ಎಲ್ಲಾ ಅವರ ಮಾಳಿಗಿ ಮ್ಯಾಲ ಕೊಳತು, ಕುದ್ದು, ಒಣಗಿ, ಬಿಳೀ ಎಲಬಾಗಿ ಕಾಲೇಜಿಗೆ ಬಂದ್ವು.

ಅವರಿಗಿದ್ದದ್ದು ಒಂದ ಆಶಾ: ನಮ್ಮೂರಾಗ ಪ್ರಾಣಿಶಾಸ್ತ್ರದ ಡಿಗ್ರಿ ಕ್ಲಾಸ ಸುರು ಆಗಬೇಕು. ಧಾರವಾಡಕ್ಕ ಕಳಸಾಕ ಮನ್ಯಾಗ ಒಪ್ಪಲಿಲ್ಲಂತ ಅಮೀರಬಿಯಂಥಾ ಶಾಣ್ಯಾ ಹುಡುಗಿ ಓದು ಬಿಟ್ಟಿದ್ಲು. "ಒಂದ ವರ್ಷ ತಡಿ ಬೇಟಿ, ಕ್ಲಾಸ ಇಲ್ಲೇ ತರತೇನಿ" ಅಂದಿದ್ರು ಮಾಸ್ತರು.

ಎಪ್ಪತ್ನಾಕರ ಕಾರಹುಣ್ಣಿವಿ ಮುಂದ ಆ ಕ್ಲಾಸಿಗೆ ಪರವಾನಗಿ ಕೊಡೋ ಯುನಿವರ್ಸಿಟಿ ಪರಿಶೀಲನಾ ಸಮಿತಿ ಬರೂದಿತ್ತು. ಮಾಸ್ತರು ಅವರನ್ನ ಕರಕೊಂಡ ಬರಾಕ ಧಾರವಾಡಕ್ಕ ಹೋಗಿದ್ರು. ಇತ್ತ ಚೇರಮನ್ನರು, ಬಿಳೀ ಎಲಬು ಸುಡಗಾಡ ಕಂಡಂಗ ಕಾಣತಾವ ಅಂತ ಪೇಂಟರ ಬುರಾನಸಾಬನ್ನ ಕರಸಿದ್ರು.

"ಮಾಸ್ತರಿಗೆ ಒಂದ ಮಾತ ಕೇಳೂಣಲ್ರಿ ಸಾಹೇಬ್ರ?"

"ಕೋಡಿಗೆ ಬಣ್ಣ ಹಚ್ಚುವಾಗ ಎತ್ತಿನ್ನ ಕೇಳ್ತೀಯೇನೋ? ಬೆಳ್ಳಿ ಬಣ್ಣ ಬಳಿ, ಮಿಂಚಲಿ!"

ಬಳದ. ಮಾಸ್ತರಂಗ ವಿದ್ಯಾರ್ಥಿಗಳಿಗೆ ಹೇಳೂದಾದ್ರ, ಉಡದ ಕೆಳದವಡಿ ಹಲವು ಎಲಬು ಕೂಡಿ ಆದದ್ದು, ನಮ್ಮದು ಒಂದ. ಅಂಥಾ ಹಳೇ ದವಡಿ ಕೀಲಿನ ಎಲಬು ಲಕ್ಷಾಂತರ ತಲಿಮಾರಿನ್ಯಾಗ ಸಣ್ಣಾಗಿ ನಮ್ಮ ಕಿವಿ ಸೇರಿ, ಈಗ ಕೇಳೋ ಕೆಲಸಾ ಮಾಡತಾವ. ಚೇರಮನ್ನರವು ಇನ್ನೂ ದವಡ್ಯಾಗ ಉಳದಾವು ಅಂತ ಕಾಣತೈತಿ. ಈ ಕತಿಯೆಲ್ಲಾ ಓದೂದು ಎಲಬು ಕೂಡಿದ ಗೆರಿ ನೋಡಿ. ಬಣ್ಣ ಆ ಗೆರಿ ತುಂಬಿ, ಸಣ್ಣ ತೂತ ಮುಚ್ಚಿ, ಎಲ್ಲಾ ಜೀವಿಗಳನ್ನೂ ಒಂದ ಮಾಡಿತ್ತು.

ಸಮಿತಿಯವರು ಉಡದ ದವಡಿ ಎತ್ತಿ ತಿರುವಿ ತಿರುವಿ ನೋಡಿದ್ರು. "ಏನ್ರೀ ಜಟ್ಟೆಪ್ಪನವರ, ಇದು ಪ್ರಯೋಗಶಾಲೆನೋ ಬಾಸಿಂಗದ ಅಂಗಡಿನೋ?"

ಮಾಸ್ತರು ಚೇರಮನ್ನರ ಮಾರಿ ನೋಡಿದ್ರು. ಚೇರಮನ್ನರು ಜಂತಿ ನೋಡಾಕ ಹತ್ತಿದ್ರು. "ಗೆರಿ ಬಣ್ಣದ ಒಳಗ ಅದಾವ್ರಿ" ಅಂದ್ರು ಮಾಸ್ತರು, ಅಷ್ಟ. ಕ್ಲಾಸ ಬರಲಿಲ್ಲ. ಅಮೀರಬಿ ಮದಿವ್ಯಾಗಿ ರಾಮದುರ್ಗಕ್ಕ ಹೋದ್ಲು. ಎಲಬಿನ ಕ್ವಾಣಿಗೆ ಕೀಲಿ ಬಿತ್ತು. ಮಾಸ್ತರು ಇಲ್ಲೀತನಕ ಪಿಯುಸಿಗೆ ಕಪ್ಪಿ ಕೊಯ್ಯೂದು ಕಲಿಸಿದ್ರು.

ಈಗ ಅಭಿನಂದನ ಸಮಿತಿ ಮಾಸ್ತರನ್ನ ಏನು ಬೇಕಂತ ಕೇಳಿತು. "ಶಾಲು ಬ್ಯಾಡ್ರಿ. ಆ ಎಲಬು ಕೊಡ್ರಿ. ಮನ್ಯಾಗ ಕುಂತ ಬಣ್ಣ ಕೆರೀತೇನಿ" ಅಂದ್ರು. ಸಮಿತಿ ಒಮ್ಮತದಿಂದ ಒಪ್ಪೇತಿ. ಆದ್ರ ಜನರ ಮುಂದ ಮಾಸಿದ ಸಾಮಾನ ಕೊಟ್ರ ಸಂಸ್ಥೆ ಮರ್ಯಾದಿ ಏನ ಉಳೀತು ಅಂತ, ಚೇರಮನ್ನರು ಮೊನ್ನೆ ಬುರಾನಸಾಬಗ ಮತ್ತ ಹೇಳಿ ಕಳಿಸ್ಯಾರ. ಈ ಸಲ ಬಂಗಾರದ ಬಣ್ಣ.

ಅದಕ್ಕ ನಮ್ಮ ಗುರುಗಳು ನೂರ ವರ್ಷ ಬಾಳಲಿ, ಕಣ್ಣು ಕೈ ಗಟ್ಟಿ ಇರಲಿ. ಕೆರಿಯೂದು ಈಗ ಎರಡ ಪದರ ಐತಿ.